ಅಕ್ಕೋರು ವಾಪಸ್ ತಗೊಂಡ ಸೂಟಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಿಂತವನ ಕಣ್ಣಲ್ಲಿ ನೀರು ಬಂದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಅದೊಂದು ದೊಡ್ಡ ಅನುಕೂಲ. ಹಾವೇರಿ ಹೊಸ ಜಿಲ್ಲೆಯಾಗಿ ಇನ್ನೂ ಬಹಳ ದಿನವಾಗಿರಲಿಲ್ಲ. ವರ್ಷದ ಖಾರಕ್ಕೆಂದು ಕಾಯಿ ಆರಿಸುತ್ತ ಬಗ್ಗಿದ್ದೆ. ಹಿಂದಿನಿಂದ ಒಂದು ದನಿ, "ನೀವು ನಮ್ಮೂರ ಸಾಲ್ಯಾಗಿದ್ದ ಮಾಸ್ತರ ಅಲ್ರೀ?" ಅಂದಿತು. ತಿರುಗಿ ನೋಡಿದರೆ ಇಮಾಂಬಿ. ನಾನು ನೌಕರಿಗೆ ಸೇರಿದ ಮೊದಲ ಊರಿನವಳು. ಅವಳ ಮಗಳು ಮಾಬೂಬಿ ನನ್ನ ಕೈಯಲ್ಲಿ ಕಲಿತವಳು. ಆರಾಮ ಇದ್ದೀಯಾ ಅಂತ ಕೇಳುವುದಕ್ಕೂ ಬಿಡದೆ, "ಅಕ್ಕೋರು ಹೋಗಿಬಿಟ್ರಲ್ರಿ ಮಾಸ್ತರ. ನಿಮಗ ಸುದ್ದಿ ಮುಟ್ಟೇತೋ ಇಲ್ಲೋ?" ಅಂದಳು. ಮುಟ್ಟಿರಲಿಲ್ಲ. ನಾನು ಕೈಯಲ್ಲಿದ್ದ ಕಾಯಿಗಳನ್ನು ರಾಶಿಗೇ ಹಾಕಿ, ಖಾರ ಹತ್ತಿದ ಕೈಯಿಂದಲೇ ಕಣ್ಣು ಒರೆಸಿಕೊಂಡೆ. ಆಮೇಲೆ ಬಂದ ನೀರಿಗೆ ಯಾವುದು ಕಾರಣ ಅಂತ ನನಗೂ ಗೊತ್ತಾಗಲಿಲ್ಲ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕೋರು ಅಂತಲೇ ಕರೆಯುವುದು. ಆದರೆ ರಾಣೇಬೆನ್ನೂರಿನಿಂದ ಮೇಡ್ಲೇರಿಗೆ ಹೋಗುವ ದಾರಿಯ ಆ ಊರಿನಲ್ಲಿ ಅಕ್ಕೋರು ಅಂದರೆ ಒಬ್ಬರೇ, ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ. ಒಂದರಿಂದ ಏಳನೆಯ ತರಗತಿಯವರೆಗಿನ ಸರಕಾರಿ ಶಾಲೆ. ಎಂಬತ್ತರ ದಶಕದ ನಡುವಿನ ಮಾತು. ನಾನು ಗುತ್ತಲದವ, ವಿಜ್ಞಾನ ಕಲಿಸುವವ, ಮೀಸೆ ಆಗಷ್ಟೇ ಒಂದು ಆಕಾರಕ್ಕೆ ಬಂದಿತ್ತು. ಮೊದಲ ದಿನವೇ ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಉಂಡೀರೇನು?" ಅಂದರು. ಹೂಂ ಅಂದೆ. "ಸುಳ್ಳು. ಗುತ್ತಲದಿಂದ ಹಾವೇರಿಗೆ ಬಂದು, ಅಲ್ಲಿಂದ ಬಸ್ ಬದಲಿ ಮಾಡಿ, ಇಷ್ಟು ಲಗೂ ಬಂದವ್ರು ಎಲ್ಲಿ ಉಂಡೀರಿ?" ಅಂತ ಬೈದು, ಮೇಜಿನ ಖಾನೆಯಿಂದ ಒಂದು ಹಿಡಿ ಹುರಿದ ಶೇಂಗಾ ತೆಗೆದು ಕೊಟ್ಟರು. ಅದು ಅವರ ಪದ್ಧತಿ. ಬೈಸಿಕೊಂಡವರಿಗೆ ಶೇಂಗಾ ಕೊಡದೆ ಕಳಿಸುತ್ತಿರಲಿಲ್ಲ. ಆ ಲೆಕ್ಕದಲ್ಲಿ ನಾನು ಅವರ ಕೈಯಲ್ಲಿ ತಿಂದ ಶೇಂಗಾ ಕಡಿಮೆಯೇನಲ್ಲ.

ಗಿಡ್ಡ ಆಳು. ಜಗಳಕ್ಕೆ ಹೊರಡುವ ಮುಂಚೆ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಸೆರಗು ಸೊಂಟಕ್ಕೆ ಹೋಯಿತೆಂದರೆ ನಾವು ಮಾಸ್ತರರೆಲ್ಲ ಏನೋ ಕೆಲಸ ನೆನಪಾದವರಂತೆ ತರಗತಿಗೆ ನಡೆಯುತ್ತಿದ್ದೆವು. ಸರಕಾರದ ಬಗ್ಗೆ ಅವರು ಮಾತಾಡುತ್ತಿದ್ದುದು ಹತ್ತಿರದ ಸಂಬಂಧಿಕರ ಬಗ್ಗೆ ಮಾತಾಡುವಂತೆ. "ಸರಕಾರ ಅಂದ್ರ ನಮ್ಮ ದೊಡ್ಡಪ್ಪ ಇದ್ದಂಗ್ರಿ. ಮನಸ್ಸು ಚಲೋ ಐತಿ. ಆದ್ರ ಮನಿಗೆ ಬರೂದಿಲ್ಲ, ಹೇಳಿ ಕಳಸ್ತಾನ" ಅನ್ನುತ್ತಿದ್ದರು. ಮೇಲಿನಿಂದ ಸುತ್ತೋಲೆ ಬಂದರೆ ನಿಂತುಕೊಂಡೇ ನಮಗೆಲ್ಲ ಓದಿ ಹೇಳುವರು. ಓದಿ ಮುಗಿಸಿ, ಕನ್ನಡಕ ತೆಗೆದು, ಪ್ರತಿ ಸಲವೂ ಒಂದೇ ಪ್ರಶ್ನೆ: "ಇದರಾಗ ನಮ್ಮೂರ ಹುಡುಗ್ಯಾರು ಎಲ್ಲಿ ಅದಾರ, ಯಾರರೆ ತೋರಸ್ರಿ ನೋಡೂನು." ನಾವು ಗೋಡೆ ನೋಡುತ್ತಿದ್ದೆವು. ಪಠ್ಯಪುಸ್ತಕದ ಸುತ್ತೋಲೆಯಾಗಲಿ, ಸಸಿ ನೆಡುವ ಸುತ್ತೋಲೆಯಾಗಲಿ, ಅವರಿಗೆ ಕಾಣಬೇಕಾದದ್ದು ಅದೊಂದೇ.

ಆ ಊರಿನ ಹುಡುಗಿಯರು ಎಲ್ಲಿದ್ದಾರೆ ಅನ್ನುವುದು ನನಗೆ ಗೊತ್ತಾದದ್ದು ಗಣಪತಿ ಹಬ್ಬ ಕಳೆದ ಮೇಲೆ. ಹೂವಿನ ಭಾಗಗಳ ಪಾಠ ಮಾಡಬೇಕೆಂದು ಬಣ್ಣದ ಸೀಮೆಸುಣ್ಣ ತಂದು, ಹಲಗೆಯ ತುಂಬ ದೊಡ್ಡ ಹೂ ಬರೆದು ತಿರುಗಿದರೆ ಎಡಗಡೆಯ ಸಾಲುಗಳು ಖಾಲಿ. ಗಂಡುಹುಡುಗರು ಮಾತ್ರ ಕೂತಿದ್ದಾರೆ. ಓಡಿಹೋಗಿ ಅಕ್ಕೋರಿಗೆ ಹೇಳಿದೆ. ಅವರು ಕಿಟಕಿಯ ಹೊರಗೆ ಕೈ ತೋರಿಸಿದರು. ನೀರಾವರಿಯ ಹೊಲಗಳಲ್ಲಿ ಬೀಜದ ಹತ್ತಿಯ ಪ್ಲಾಟುಗಳು. ಬೀಜದ ಕಂಪನಿಗಳು ರೈತರಿಂದ ಹೈಬ್ರಿಡ್ ಬೀಜ ಮಾಡಿಸುವ ಕಾಲ ಅದು. ಗಂಡು ಸಾಲಿನ ಹೂವಿನ ಪರಾಗವನ್ನು ಹೆಣ್ಣು ಸಾಲಿನ ಹೂವಿಗೆ ಒಂದೊಂದಾಗಿ ಕೈಯಿಂದ ಸವರಿ, ಗುರುತಿಗೆ ದಾರ ಕಟ್ಟಬೇಕು. ಅದಕ್ಕೆ ಕ್ರಾಸಿಂಗ್ ಅನ್ನುವರು. ಸಣ್ಣ ಬೆರಳು ಬೇಕು, ಬಗ್ಗದೆ ನಿಲ್ಲುವ ಎತ್ತರ ಬೇಕು, ಅಂದರೆ ಹುಡುಗಿಯರೇ ಬೇಕು. ಹೂ ಅರಳುವುದು ಬೆಳಗಿನ ಹೊತ್ತು. ನಮ್ಮ ಗಂಟೆ ಹೊಡೆಯುವುದೂ ಆಗಲೇ.

"ನೀವು ಹಲಗಿ ಮ್ಯಾಲೆ ಬರದ ಹೂವಿಗೆ ಯಾರೂ ಕೂಲಿ ಕೊಡೂದಿಲ್ರಿ ಮಾಸ್ತರ" ಅಂದರು. ನಗುತ್ತ ಅಂದದ್ದಲ್ಲ.

ಅವರನ್ನು ಸುಡುತ್ತಿದ್ದುದು ಹುಡುಗಿಯರು ಹೋಗುವುದಕ್ಕಿಂತ ಅವರು ತಿರುಗಿ ಬರದಿರುವುದು. ದೀಪಾವಳಿಯ ಹೊತ್ತಿಗೆ ಕ್ರಾಸಿಂಗ್ ಮುಗಿಯುತ್ತಿತ್ತು. ಅಷ್ಟರಲ್ಲಿ ಪಾಠ ಬಹಳ ಮುಂದೆ ಹೋಗಿರುತ್ತಿತ್ತು. ಹಿಂದೆ ಬಿದ್ದ ನಾಚಿಕೆಗೆ ಹುಡುಗಿ ಒಂದು ವಾರ ತಡೆಯುವಳು, ಆಮೇಲೆ ಬರುವುದೇ ಇಲ್ಲ. ಹೀಗೆ ಆರನೆಯ ತರಗತಿಯಲ್ಲಿ ಇದ್ದ ಹುಡುಗಿಯರು ಏಳನೆಯ ತರಗತಿಯ ಪರೀಕ್ಷೆಗೆ ಬರುವಷ್ಟರಲ್ಲಿ ಕರಗಿ ಹೋಗುತ್ತಿದ್ದರು. ಅಕ್ಕೋರು ಮನೆಮನೆಗೆ ಹೋಗಿ ಕರೆದು ತರುವರು. ನಾಲ್ಕು ದಿನ ಕೂತು ಮತ್ತೆ ಮಾಯ.

ಮುಂದಿನ ವರ್ಷ ಜೂನ್‌ನಲ್ಲೇ ಅವರು ನಮ್ಮನ್ನೆಲ್ಲ ಕೂರಿಸಿಕೊಂಡು ಒಂದು ಮಾತು ತೆಗೆದರು. ರವಿವಾರಗಳಂದು ಶಾಲೆ ನಡೆಸಬೇಕು. ಹಾಗೆ ಉಳಿಸಿದ ದಿನಗಳನ್ನು ದಸರೆಯ ಸೂಟಿಗೆ ಸೇರಿಸಿ, ಕ್ರಾಸಿಂಗ್ ಜೋರಾಗಿರುವ ದಿನಗಳಿಗೆ ಒಟ್ಟಿಗೆ ಸೂಟಿ ಕೊಟ್ಟುಬಿಡಬೇಕು. ನಮ್ಮ ಕಡೆ ರಜೆಗೆ ಸೂಟಿ ಅನ್ನುವುದು. ಆ ದಿನಗಳಲ್ಲಿ ಪಾಠವೇ ನಡೆಯದಿದ್ದರೆ ಯಾರೂ ಹಿಂದೆ ಬೀಳುವುದಿಲ್ಲ, ನಾಚಿಕೆಗೆ ಕಾರಣವೇ ಇಲ್ಲ.

ನನಗೆ ಸೇರಲಿಲ್ಲ. "ಅಕ್ಕೋರ, ನಾವೇ ಮಕ್ಕಳನ್ನ ಕೂಲಿಗೆ ಕಳಿಸಿದಂಗ ಆಗೂದಿಲ್ಲೇನ್ರಿ?" ಅಂದೆ.

ಅವರು ಕನ್ನಡಕ ತೆಗೆದರು. "ಕೂಲಿ ನಿಲ್ಲಸೂ ತಾಕತ್ತು ನನಗ ಇಲ್ಲ ತಮ್ಮಾ. ಕೂಲಿಗೆ ಹೋದ ಹುಡುಗಿ ಹೊಳ್ಳಿ ಬರೂ ಬಾಗಲಾ ಮುಚ್ಚಬಾರ್ದು. ಸದ್ಯಕ್ಕ ಅಷ್ಟ ನನ್ನ ಕೈಯಾಗಿರೂದು" ಅಂದರು. ಬೈಯಲಿಲ್ಲ, ಆದ್ದರಿಂದ ಶೇಂಗಾನೂ ಇಲ್ಲ.

ಆ ವರ್ಷ ರವಿವಾರ ನಮಗೆ ಯಾವುದೂ ಉಳಿಯಲಿಲ್ಲ. ಊರ ಜಾತ್ರೆಗೂ ಬಿಡುವು ಕೇಳಲು ಧೈರ್ಯ ಸಾಲಲಿಲ್ಲ. ಆದರೆ ಸೂಟಿ ಮುಗಿದ ಮರುದಿನ ನಾನು ಕಂಡದ್ದನ್ನು ಹೇಳಲೇಬೇಕು. ಎಡಗಡೆಯ ಸಾಲುಗಳು ತುಂಬಿದ್ದವು. ಜಡೆಗೆ ಕ್ರಾಸಿಂಗಿನ ಬಣ್ಣದ ದಾರ ಸುತ್ತಿಕೊಂಡು, ಬೆರಳ ತುದಿ ಕಪ್ಪಾದ ಹುಡುಗಿಯರು ಏನೂ ಆಗಿಲ್ಲವೆನ್ನುವಂತೆ ಕೂತಿದ್ದರು. ಅಕ್ಕೋರು ಬಾಗಿಲಲ್ಲಿ ನಿಂತು ಒಬ್ಬೊಬ್ಬಳ ಹೆಸರು ಹಿಡಿದು ಕೂಗಿದರು. ದನಿ ಒಂದು ಕಡೆ ಒಡೆಯಿತು. ನಾನು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು.

ಇಷ್ಟರಲ್ಲಿ ಒಂದು ಎಡವಟ್ಟು ಆಗಿತ್ತು. ಸೂಟಿಯ ನಡುವೆ ತಾಲೂಕಿನ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಹೇಳದೆ ಕೇಳದೆ ಶಾಲೆಗೆ ಬಂದು, ಬಾಗಿಲಿಗೆ ಬೀಗ ನೋಡಿ ಹೋಗಿದ್ದರು. ಅಕ್ಕೋರಿಗೆ ರಾಣೇಬೆನ್ನೂರಿನ ಕಚೇರಿಗೆ ಬರಲು ಹೇಳಿಕಳಿಸಿದರು. ಜೊತೆಗೆ ನಾನೂ ಹೋದೆ. ಬಸ್ಸಿನಿಂದ ಇಳಿಯುವ ಮುಂಚೆಯೇ ಅವರ ಸೆರಗು ಸೊಂಟಕ್ಕೆ ಹೋಗಿತ್ತು.

"ಅಕ್ಕೋರ, ಸಾಲಿಗೆ ಕೀಲಿ ಹಾಕಿ ಎಲ್ಲಿ ಹೋಗಿದ್ರಿ? ಸಸ್ಪೆಂಡ್ ಮಾಡಬೇಕಾಗ್ತದ ನೋಡ್ರಿ" ಅಂದರು ಸಾಹೇಬರು.

"ನೀವು ಬಂದ ದಿವ್ಸ ಕೀಲಿ ಇತ್ರಿ, ಖರೇ. ರವಿವಾರ ಬಂದಿದ್ರ ತೆಗದಿತ್ತು."

"ರವಿವಾರ ಯಾರರೆ ಸಾಲಿಗೆ ಬರ್ತಾರೇನ್ರಿ?"

"ಹುಡುಗ್ಯಾರು ಬರ್ತಾರ್ರಿ. ನೀವೂ ಬರ್ರಿ."

ಅಷ್ಟು ಹೇಳಿ, ಸೀರೆಯ ಗಂಟಿನಿಂದ ಶೇಂಗಾ ಬಿಚ್ಚಿ ಸಾಹೇಬರ ಮೇಜಿನ ಮೇಲೆ ಇಟ್ಟರು. ಸಾಹೇಬರು ಶೇಂಗಾ ನೋಡಿದರು, ನನ್ನ ಮುಖ ನೋಡಿದರು, ಒಂದು ಕಾಳು ಬಾಯಿಗೆ ಹಾಕಿಕೊಂಡರು. ಕೆಟ್ಟ ಮನುಷ್ಯರೇನಲ್ಲ. ಮುಂದೊಂದು ರವಿವಾರ ಸೈಕಲ್ ಮೇಲೆ ಒಬ್ಬರೇ ಬಂದು, ಹಿಂದಿನ ಸಾಲಿನಲ್ಲಿ ಮಕ್ಕಳ ನಡುವೆ ಕಾಲು ಮಡಚಿ ಕೂತು, ನನ್ನ ಪಾಠ ಪೂರ್ತಿ ಕೇಳಿ ಹೋದರು. ಮಾಬೂಬಿ ಎದ್ದು ನಿಂತು ಹೂವಿನ ಭಾಗಗಳನ್ನು ಹೇಳಿದಾಗ ತಲೆದೂಗಿದರು. ಸಸ್ಪೆಂಡ್ ಮಾತು ಮತ್ತೆ ಬರಲಿಲ್ಲ.

ಸಾಹೇಬರು ಮೇಲೆ ಬರೆದರು. ಮೇಲಿನವರು ಇನ್ನೂ ಮೇಲೆ ಬರೆದರು. ಎರಡು ವರ್ಷ ಕಳೆದು ನಮ್ಮ ಕಡೆಯ ಶಾಲೆಗಳಿಗೆ ಒಂದು ಸುತ್ತೋಲೆ ಬಂತು: ಊರಿನ ಬೆಳೆಯ ಕೆಲಸ ನೋಡಿಕೊಂಡು ಆಯಾ ಶಾಲೆಯವರು ಸೂಟಿಯನ್ನು ಹೊಂದಿಸಿಕೊಳ್ಳಬಹುದು. ಅಕ್ಕೋರು ಎಂದಿನಂತೆ ನಿಂತು ಓದಿದರು. ಓದಿ, ಕನ್ನಡಕ ತೆಗೆದು, ಆ ಪ್ರಶ್ನೆ ಕೇಳುವ ಮುಂಚೆ ನಾನೇ, "ಇದರಾಗ ಅದಾರ್ರೀ ಅಕ್ಕೋರ, ನಮ್ಮೂರ ಹುಡುಗ್ಯಾರು!" ಅಂದೆ. ಎಲ್ಲರೂ ನಕ್ಕೆವು. ಒಂದು ಹಳ್ಳಿಯ ಶಾಲೆಯ ಬುದ್ಧಿ ಸರಕಾರದ ಬಾಯಿಯಲ್ಲಿ ಬಂದದ್ದನ್ನು ನಾನು ಮೊದಲ ಸಲ ನೋಡಿದ್ದೆ. ರಾಣೇಬೆನ್ನೂರಿನಲ್ಲಿ ಶಿಕ್ಷಕರೆಲ್ಲ ಸೇರಿ ಅವರಿಗೆ ಶಾಲು ಹೊದಿಸಿ ಹಣ್ಣು ಕೊಟ್ಟರು. ಆ ಶಾಲನ್ನು ಅವರು ಶಾಲೆಯ ಕುಡಿಯುವ ನೀರಿನ ಹಂಡೆಗೆ ಸುತ್ತಿದರು, ನೀರು ತಣ್ಣಗಿರಲೆಂದು.

ಇಲ್ಲಿಗೆ ಮುಗಿದಿದ್ದರೆ ಅವರು ಒಬ್ಬ ಒಳ್ಳೆಯ ಮುಖ್ಯೋಪಾಧ್ಯಾಯಿನಿ ಅಷ್ಟೇ. ನಾನು ಅವರನ್ನು ಇವತ್ತಿಗೂ ಬೆರಗಿನಿಂದ ನೆನೆಯುವುದು ಆಮೇಲಿನದಕ್ಕೆ.

ಸುತ್ತೋಲೆ ಬಂದ ವರ್ಷ ಸೂಟಿಯ ಮೊದಲ ದಿನ. ಸಾಮಾನು ಎತ್ತಿಡಲೆಂದು ಅಕ್ಕೋರೂ ನಾನೂ ಶಾಲೆಗೆ ಹೋಗಿದ್ದೆವು. ಬಾಗಿಲ ಮುಂದೆಯೇ ಒಂದು ಟ್ರ್ಯಾಕ್ಟರ್ ನಿಂತಿತ್ತು. ಟ್ರೇಲರಿನ ತುಂಬ ಮಕ್ಕಳು. ಆರನೆಯ, ಏಳನೆಯ ತರಗತಿಯವರಷ್ಟೇ ಅಲ್ಲ. ಮೂರನೆಯ ತರಗತಿಯ ಪಿಳ್ಳೆಗಳೂ ಇದ್ದವು. ಹಿಂದೆ ಎಂದೂ ಹೊಲಕ್ಕೆ ಹೋಗದೆ, ಏನು ಮಾಡಿದರೂ ಶಾಲೆ ತಪ್ಪಿಸದಿದ್ದ ಹುಡುಗಿಯರೂ ಇದ್ದರು. ಪ್ಲಾಟಿನ ಮಾಲಕ ಇಳಿದು ಬಂದು ಕೈಮುಗಿದ. "ಭಾಳ ಉಪಕಾರ ಆತ್ರಿ ಅಕ್ಕೋರ. ಈಗ ಎಲ್ಲಾ ಊರಾಗೂ ನಿಮ್ಮ ಸೂಟಿ. ಆಳಿನ ಚಿಂತಿನ ಹೋತು ನೋಡ್ರಿ" ಅಂದ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಅಲ್ಲೇ ಗೋಡೆಯ ಪಕ್ಕ ಇಮಾಂಬಿ ನಿಂತಿದ್ದಳು. ಮಾಬೂಬಿ ಆಗ ಏಳನೆಯ ತರಗತಿ. ಟ್ರೇಲರಿನಲ್ಲಿ ಕೂತಿದ್ದಳು.

"ಏನವಾ ಇಮಾಂಬಿ, ನೀ ಹೋಗೂದಿಲ್ಲೇನು? ವರ್ಷಾ ಹೋಗಾಕಿ ನೀ ಅಲ್ಲೇನು?" ಅಂದರು ಅಕ್ಕೋರು.

"ನಮ್ಮನ್ನ ಬ್ಯಾಡ ಅಂತಾರ್ರಿ. ಮೊದಲ ನಾ ಹೋಗ್ತಿದ್ದೆ, ಈಕಿನ್ನ ಸಾಲಿಗೆ ಬಿಡ್ತಿದ್ದೆ. ಈಗ ಸರಕಾರದ್ದ ಸೂಟಿ ಐತಲ್ಲಾ, ಅಂಜಿಕಿಲ್ಲ, ಹುಡುಗ್ಯಾರನ್ನ ಕಳಸ್ರಿ, ನಿಮ್ಮ ಕೂಲಿ ನಮಗ ಜಾಸ್ತಿ ಆಗ್ತದ ಅಂತಾರ. ಮನ್ಯಾಗ ಒಬ್ಬರರೆ ದುಡೀಬೇಕಲ್ರಿ, ಈಕಿನ್ನ ಹತ್ತಿಸಿದೆ" ಅಂದಳು. ದೂರುವ ದನಿಯಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದಳು.

ಟ್ರ್ಯಾಕ್ಟರ್ ಹೋಯಿತು. ಅಕ್ಕೋರು ಒಳಗೆ ಬಂದು ಕುರ್ಚಿಯಲ್ಲಿ ಕೂತರು. ನಾನು ಅಂದೇ ಹೇಳಿದ್ದೆನಲ್ಲ ಅನ್ನುವ ಮಾತು ಗಂಟಲ ತನಕ ಬಂದಿತ್ತು. ಅವರ ಮುಖ ನೋಡಿದ ಮೇಲೆ ಅದು ತಾನೇ ಕೆಳಗಿಳಿಯಿತು. ನಾನು ಹೆದರಿದ್ದ ತಪ್ಪೂ ಇದಾಗಿರಲಿಲ್ಲ. ತಾಯಂದಿರ ಕೂಲಿಯನ್ನು ಈ ಸೂಟಿ ಕಿತ್ತುಕೊಳ್ಳುತ್ತದೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಲಕ್ಕೆ ಹೋಗುವ ಕೆಲವು ಹುಡುಗಿಯರಿಗಾಗಿ ತೆರೆದಿಟ್ಟ ಬಾಗಿಲಿನಿಂದ ಇಡೀ ಶಾಲೆಯೇ ಹೊರಗೆ ಹೋಗಿತ್ತು.

"ನಾಳೆ ರಾಣೇಬೆನ್ನೂರಿಗೆ ಹೋಗೂನು" ಅಂದರು ಕೊನೆಗೆ.

ಸಾಹೇಬರು ಎದ್ದು ನಿಂತು ಬರಮಾಡಿಕೊಂಡರು. ಈಗ ಅಕ್ಕೋರು ತಾಲೂಕಿಗೆಲ್ಲ ಹೆಸರಾದವರು. ಅವರು ಬಂದ ಕೆಲಸ ಹೇಳಿದಾಗ ಸಾಹೇಬರು ನಿಂತಲ್ಲೇ ಕೂತುಬಿಟ್ಟರು.

"ರದ್ದು ಮಾಡೂದಾ? ಅಕ್ಕೋರ, ನಿಮ್ಮ ಮಾತು ಕೇಳೇ ನಾ ಮ್ಯಾಲೆ ಬರದೇನಿ. ಅವ್ರೂ ಒಪ್ಪಿ ಎಲ್ಲಾ ಕಡೆ ಕಳಿಸ್ಯಾರ. ಈಗ ಯಾವ ಮಾರಿ ಇಟ್ಕೊಂಡು ತಪ್ಪಾಗೇತಿ ಅನ್ಲಿ?"

"ನಂದು ತಪ್ಪಾಗೇತಿ ಅನ್ರಿ. ನಾ ಸಾಲ್ಯಾಗ ಏನರೆ ತಪ್ಪು ಕಲಿಸಿದ್ರ ಮರುದಿನ ಹಲಗಿ ಅಳಿಸಿ, ನಿನ್ನಿ ಹೇಳಿದ್ದು ತಪ್ಪರ್ವಾ ಅಂತ ಹೇಳಿ ಮತ್ತ ಬರೀತೇನಿ. ನಿಮಗೂ ನಾನ ಕಲಿಸಿದ್ದಲ್ರಿ ಇದು? ಮತ್ತ ಅಳಿಸೂನು."

"ಸರಕಾರದ್ದು ಹಲಗಿ ಅಲ್ರೀ ಅಕ್ಕೋರ."

"ಹೌದ್ರಿ. ಅದಕ್ಕ ಅಂಜಿಕಿ ಬರ್ತದ" ಅಂದರು ಅಕ್ಕೋರು.

ಸುತ್ತೋಲೆ ರದ್ದಾಗಲಿಲ್ಲ. ಸಾಹೇಬರು ಬರೆದರೋ ಇಲ್ಲವೋ, ನನಗೆ ತಿಳಿಯದು. ಆದರೆ ಅದರಲ್ಲಿ ಹೊಂದಿಸಿಕೊಳ್ಳಬಹುದು ಅಂತ ಇತ್ತೇ ಹೊರತು ಹೊಂದಿಸಲೇಬೇಕು ಅಂತ ಇರಲಿಲ್ಲ. ಮರುವರ್ಷ ಅಕ್ಕೋರು ಊರ ಚಾವಡಿಗೆ ಹೋದರು. ಊರ ಹಿರಿಯರು, ಪ್ಲಾಟಿನ ಮಾಲಕರು, ತಾಯಂದಿರು ಎಲ್ಲ ಸೇರಿದ್ದರು. ಸುತ್ತುಬಳಸಿ ಹೇಳುವ ಜಾಣತನ ಅವರಿಗೆ ಬೇಕಾಗಿಯೇ ಇರಲಿಲ್ಲ. "ಆ ಸೂಟಿ ಸರಕಾರದ್ದಲ್ಲ, ನಂದು. ನಾ ಕೇಳಿದ್ದಕ್ಕ ಬಂತು. ಅದರಿಂದ ನಿಮ್ಮ ಹುಡುಗ್ಯಾರಿಗೆ ಕೇಡಾತು. ನಾ ವಾಪಸ್ ತಗೊಂಡೇನಿ. ಈ ವರ್ಷ ದಸರಾ ಸೂಟಿ ಎಷ್ಟೋ ಅಷ್ಟ. ಉಳದ ದಿವ್ಸ ಸಾಲಿ ಇರ್ತದ" ಅಂದರು.

ಗದ್ದಲವೆದ್ದಿತು. ಕಂಪನಿಗೆ ಮಾತು ಕೊಟ್ಟಿದ್ದೇವೆ ಅಂದರು ಮಾಲಕರು. ಸರಕಾರ ಕೊಟ್ಟ ಸೂಟಿ ನಿಲ್ಲಿಸಲು ಈಕೆ ಯಾರು ಅಂದರು ಕೆಲವರು. ಅವರ ಮೇಲೆ ದೂರು ಹೋಯಿತು. ಮೊದಲ ಸಲ ಕಚೇರಿಗೆ ಕರೆಸಿದ್ದು ಸೂಟಿ ಕೊಟ್ಟಿದ್ದಕ್ಕೆ, ಈ ಸಲ ಕೊಡದಿದ್ದಕ್ಕೆ. "ನನ್ನ ನೌಕರಿ ಸೂಟಿಗೇ ಹುಟ್ಟೇತಿ ನೋಡ್ರಿ ಮಾಸ್ತರ" ಅಂತ ನಕ್ಕರು. ಆ ನಗು ಕಂಡು ನನಗೆ ಹೆದರಿಕೆಯೇ ಆಯಿತು. ನಾವು ಒಂದು ಶಾಲು ಹೊದಿಸಿಕೊಂಡರೆ ಜನ್ಮವಿಡೀ ಅದರೊಳಗೇ ಬೆಚ್ಚಗೆ ಕೂರುವವರು. ತಾನು ಗೆದ್ದು ತಂದದ್ದನ್ನು ತಾನೇ ಊರ ಮುಂದೆ ಬಿಚ್ಚಿ ತಪ್ಪೆಂದು ತೋರಿಸಿದ ಇನ್ನೊಬ್ಬರನ್ನು ನಾನು ನೌಕರಿಯ ಉದ್ದಕ್ಕೂ ನೋಡಲಿಲ್ಲ.

ಮಾಬೂಬಿ ಹಿಂದಿನ ವರ್ಷ ಪರೀಕ್ಷೆ ಕೈಬಿಟ್ಟಿದ್ದಳು. ಅಕ್ಕೋರು ಅವಳನ್ನು ಮತ್ತೆ ಏಳನೆಯ ತರಗತಿಗೆ ಸೇರಿಸಿಕೊಂಡಿದ್ದರು. ಈ ಸಲವೂ ಹೋದರೆ ಮುಗಿಯಿತು ಅಂತ ನಮಗಿಬ್ಬರಿಗೂ ಗೊತ್ತಿತ್ತು.

ದಸರೆಯ ಸೂಟಿ ಮುಗಿದ ಬೆಳಿಗ್ಗೆ ಟ್ರ್ಯಾಕ್ಟರ್ ಮತ್ತೆ ಶಾಲೆಯ ಮುಂದೆ ಬಂದು ನಿಂತಿತು. ಟ್ರೇಲರಿನಲ್ಲಿ ಹುಡುಗಿಯರು. ಗೋಡೆಯ ಪಕ್ಕ ತಾಯಂದಿರು. ಅಕ್ಕೋರು ಮಾಲಕನೊಡನೆ ಜಗಳಕ್ಕೆ ಹೋಗುತ್ತಾರೆಂದು ಕಾದೆ. ಹೋಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಂಟೆಯ ಕಬ್ಬಿಣ ಕೈಗೆ ತೆಗೆದುಕೊಂಡು ಹೊಡೆಯತೊಡಗಿದರು. ಶಾಲೆ ಶುರುವಾಗುವ ಗಂಟೆ ಎಷ್ಟು ಹೊತ್ತು ಹೊಡೆಯಬೇಕೋ ಅಷ್ಟು ಹೊತ್ತು ಕಳೆದರೂ ನಿಲ್ಲಿಸಲಿಲ್ಲ. ಡ್ರೈವರ್ ಎಂಜಿನ್ ಶುರು ಮಾಡಿದ. ಎಂಜಿನ್ನಿನ ಸದ್ದಿನ ಮೇಲೂ ಗಂಟೆ ಕೇಳುತ್ತಿತ್ತು. ಟ್ರೇಲರಿನಲ್ಲಿ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

ಮೊದಲು ಇಳಿದವಳು ಮಾಬೂಬಿ. ಗಾಲಿಯ ಮೇಲೆ ಕಾಲಿಟ್ಟು ಜಿಗಿದು, ಯಾರ ಕಡೆಯೂ ನೋಡದೆ ಒಳಗೆ ಹೋಗಿ ಸಾಲಿನಲ್ಲಿ ನಿಂತಳು. ಅವಳ ಹಿಂದೆ ಇನ್ನಿಬ್ಬರು. ಆಮೇಲೆ ಒಟ್ಟಿಗೇ ಬಹಳ ಜನ. ಎಲ್ಲರೂ ಇಳಿಯಲಿಲ್ಲ, ಆ ಸುಳ್ಳು ಹೇಳಲಾರೆ. "ಹಿಂಗಾದ್ರ ಕ್ರಾಸಿಂಗ್ ಯಾರು ಮಾಡಬೇಕ್ರಿ, ಸರಕಾರ ಬಂದು ಮಾಡ್ತೇತೇನು?" ಅಂತ ಮಾಲಕ ಕೂಗಿದ. ಆಗ ಗೋಡೆಯ ಪಕ್ಕದಿಂದ ಇಮಾಂಬಿ ಮುಂದೆ ಬಂದಳು. "ನಾವು ಸತ್ತೇವೇನ್ರಿ?" ಅಂದವಳೇ ಮಗಳು ಇಳಿದ ಅದೇ ಗಾಲಿಯ ಮೇಲೆ ಕಾಲಿಟ್ಟು ಹತ್ತಿದಳು. ಉಳಿದ ತಾಯಂದಿರೂ ಹತ್ತಿದರು. ಮಾಲಕ ಗೊಣಗಿದ, ಕೂಲಿ ಹೆಚ್ಚಾಯಿತೆಂದ. ಆದರೆ ಹೂ ಅರಳಿ ಹೊತ್ತಾಗುತ್ತಿತ್ತು, ವಾದಕ್ಕೆ ಸಮಯವಿರಲಿಲ್ಲ. ಅದೇ ವರ್ಷ ಮಾಬೂಬಿ ಪರೀಕ್ಷೆಗೆ ಕೂತಳು, ಪಾಸಾದಳು.

ಇದನ್ನೆಲ್ಲ ನೆನೆಯುತ್ತ ಬ್ಯಾಡಗಿಯ ಪೇಟೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದೆ. ಇಮಾಂಬಿ ನನಗೆ ನೀರು ತಂದುಕೊಟ್ಟಳು. ಅಕ್ಕೋರನ್ನು ನೋಡಲು ಮಾಬೂಬಿಯ ಜೊತೆ ಕೊನೆಗೆ ಹೋಗಿದ್ದಳಂತೆ. ಮಾತು ನಿಂತಿತ್ತಂತೆ, ಆದರೆ ಗುರುತು ಹಿಡಿದರಂತೆ.

"ಅವತ್ತು ನಿಮಗ ಕಂಡಿದ್ದು ಅಷ್ಟ ಮಾಸ್ತರ, ನೀವು ಹುಡುಗ್ಯಾರನ್ನ ಕರಕೊಂಡು ಒಳಗ ಹೋದ್ರಿ" ಅಂದಳು ಇಮಾಂಬಿ. "ನಮ್ಮ ಗಾಡಿ ಊರು ದಾಟೇತಿ, ಹಳ್ಳ ದಾಟೇತಿ, ನಾವು ಹೊಲಕ್ಕ ಇಳದು ಹೂವಿಗೆ ಕೈ ಹಚ್ಚೇವಿ. ಅಕ್ಕೋರು ಇನ್ನೂ ಗಂಟಿ ಹೊಡ್ಯಾಕತ್ತಿದ್ರು. ಇಳದ ಹುಡುಗ್ಯಾರೆಲ್ಲಾ ಒಳಗ ಹೋಗಿದ್ರಲ್ರಿ, ಮತ್ತ ಯಾರನ್ನ ಕರ್ಯಾಕತ್ತಿದ್ರೋ ಏನೋ. ನಾವು ಹೂವು ಬಿಟ್ಟು, ಆ ಕಡೆ ಮಾರಿ ಮಾಡಿ ನಿಂತಬಿಟ್ಟಿದ್ವಿ."